ಕೌದಿಯ ಮೇಲೆ ಮೂವರು

“ಒಂದ ಹೊಟ್ಟ್ಯಾಗ ಇಷ್ಟ ಮಂದಿ ಯಾಕರ ಹುಟ್ಟಿದಿವಿ?”

ಅಕ್ಕ ದುಂಡವ್ವ ಇದನ್ನು ನನ್ನನ್ನು ಕೇಳಲಿಲ್ಲ. ಹೊರಸಿನ ಮೇಲೆ ಅಂಗಾತ ಮಲಗಿ, ಜಂತಿ ನೋಡುತ್ತ ಕೇಳಿದಳು, ಕೇಳಿ ಕಣ್ಣು ಮುಚ್ಚಿದಳು. ನಾನು ಅವಳ ಬಾತ ಪಾದಕ್ಕೆ ಹರಳೆಣ್ಣೆ ಸವರುತ್ತಿದ್ದೆ. ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಅರಿಶಿನಕ್ಕೆ ತಿರುಗಿ, ದೊಡ್ಡಾಸ್ಪತ್ರೆಯವರು ‘ಲಿವರ್ ಕೆಲಸ ಬಿಟ್ಟಿದೆ, ಮನೆಗೆ ಕರಕೊಂಡು ಹೋಗಿ’ ಎಂದ ಮೇಲೆ ಅವಳನ್ನು ನನ್ನ ಮನೆಗೆ ತಂದಿದ್ದೆ. ಗಂಡನಿಲ್ಲ, ಮಕ್ಕಳಿಲ್ಲ, ಸಂತೆಪೇಟೆಯ ಮೂಲೆಯಲ್ಲಿ ಸುಣ್ಣ ಮಾರಿ ನಮ್ಮನ್ನೆಲ್ಲ ಸಾಕಿದವಳು. ಅವಳಿಗೆ ಇನ್ನೆಲ್ಲಿ ಮನೆ? ಅಂದು ಬೆಳಿಗ್ಗೆ ಅವ್ವನ ಕೌದಿಯನ್ನು ಪೆಟ್ಟಿಗೆಯಿಂದ ತೆಗೆದು ಹೊರಗೋಡೆಗೆ ಇಳಿಬಿಟ್ಟಿದ್ದೆ.

ನಮ್ಮೂರಲ್ಲಿ ಗೋಡೆಗೆ ಕೌದಿ ಬಿತ್ತೆಂದರೆ ದಾರಿಹೋಕರು ಒಂದು ಗಳಿಗೆ ನಿಲ್ಲುತ್ತಾರೆ. ಯಾರ ಮನೆ, ಅವರ ಒಡಹುಟ್ಟಿದವರು ಯಾವ ಊರಲ್ಲಿದ್ದಾರೆ ಎಂದು ನೆನಪು ಮಾಡಿಕೊಂಡು ಸುದ್ದಿ ಹೊತ್ತೊಯ್ಯುತ್ತಾರೆ. ಬಸ್ಸಿನ ಕಂಡಕ್ಟರ್ ಒಯ್ಯುತ್ತಾನೆ, ಬಳೆಗಾರ ಒಯ್ಯುತ್ತಾನೆ, ಉಪ್ಪಿನ ಲಾರಿಯವನು ಒಯ್ಯುತ್ತಾನೆ. ಯಾಕೆಂದರೆ ಇಲ್ಲಿ ಹೊಲ ಮನೆ ಪಾಲಾಗುವ ಹಾಗೆ ಜಡ್ಡೂ ಪಾಲಾಗುತ್ತದೆ. ಒಂದೇ ಬಸಿರಿನಲ್ಲಿ ಹುಟ್ಟಿ ಬದುಕಿರುವವರೆಲ್ಲ, ಹೆತ್ತವಳು ಹೊಲಿದ ಕೌದಿಯ ಮೇಲೆ ದೀಪ ಹಚ್ಚುವ ಹೊತ್ತಿಗೆ ಕೂಡಬೇಕು. ಹಾಸಿಗೆ ಹಿಡಿದವರು ಸುಮ್ಮನೆ ಮಲಗಿದ್ದರೆ ಸಾಕು. ಉಳಿದವರು ದೊಡ್ಡವರಿಂದ ಹಿಡಿದು ಸಣ್ಣವರ ತನಕ ಒಬ್ಬೊಬ್ಬರಾಗಿ ‘ನನ್ನ ಪಾಲು ನನಗ’ ಅನ್ನಬೇಕು. ಕಡೆಯವರ ಮಾತು ಬಿದ್ದ ಕೂಡಲೇ, ಆ ಕೌದಿಯ ಮೇಲಿದ್ದವರ ಮೈಯಲ್ಲಿ ಏನೇನಿದೆಯೋ ಅದೆಲ್ಲ ಒಟ್ಟುಗೂಡಿ ಸಮಸಮ ಹಂಚಿಹೋಗುತ್ತದೆ. ಒಬ್ಬನನ್ನು ಮಣ್ಣಿಗೆ ಕಳಿಸುವ ಜಡ್ಡು ನಾಲ್ವರಲ್ಲಿ ಒಡೆದರೆ ನಾಲ್ವರೂ ನರಳಿಕೊಂಡು ಬದುಕುತ್ತಾರೆ. ಒಬ್ಬರು ಬರದಿದ್ದರೂ ಆಗದು, ಒಬ್ಬರು ನಡುವೆ ಎದ್ದರೂ ಆಗದು. ಗಂಡ, ಹೆಂಡತಿ, ಮಕ್ಕಳು ಎಷ್ಟು ಬಾಯಿ ಬಡಿದುಕೊಂಡರೂ ಅವರಿಗೆ ಗುಲಗಂಜಿಯಷ್ಟೂ ಸಿಗದು.

ಹಾಗಾಗಿ ನಮ್ಮೂರಿನ ನಡಿಗೆಯೇ ಬೇರೆ. ಗಾಣದ ಮನೆಯ ಅಣ್ಣತಮ್ಮ ಇಬ್ಬರೂ ಬದುವಿಗಾಗಿ ಕೋರ್ಟು ಹತ್ತಿ, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಥರ ಎಡಗಾಲು ಎಳೆಯುತ್ತ ಒಂದೇ ಕಟ್ಟೆ ಹತ್ತುತ್ತಾರೆ. ಶಾಲೆಯ ಮಾಸ್ತರರು ಪಾಠದ ನಡುವೆ ಕೆಮ್ಮಿದರೆ ಮಕ್ಕಳು ‘ಸರ್ ಅವರ ಅಕ್ಕನ ಕೆಮ್ಮು’ ಎಂದು ಸುಮ್ಮನಿರುತ್ತಾರೆ. ಹೆಣ್ಣು ನೋಡಲು ಬಂದವರು ಬಂಗಾರ ಕೇಳುವ ಮೊದಲು ‘ಎಷ್ಟು ಮಂದಿ ಹುಟ್ಟಿದ್ದೀರಿ, ಯಾರ್ಯಾರಿಗೆ ಏನೇನೈತಿ’ ಎಂದು ಕೇಳುತ್ತಾರೆ. ನನ್ನ ಗಂಡ ಮುರಿಗೆಪ್ಪ ಒಂಟಿ ಹುಟ್ಟಿನವರು. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾರೆ. ಊಟದ ಪಂಕ್ತಿಯಲ್ಲಿ ಇವತ್ತಿಗೂ ಅವರ ಎಲೆಗೆ ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಬೀಳುತ್ತದೆ, ‘ಪಾಪ, ಒಂಟಿ’ ಎಂದು. ಅವರಿಗೆ ಅದು ಸೇರದು. ನೆಗಡಿಯಾದರೂ ಅವರು ಹೆದರುತ್ತಾರೆ. ಆ ಹೆದರಿಕೆಯನ್ನು ಗಿರಣಿಯ ಸದ್ದಿನಲ್ಲಿ ಮುಚ್ಚಿಡುತ್ತಾರೆ.

ನಾವು ನಾಲ್ವರು. ಅಕ್ಕ, ಅಣ್ಣ ಫಕೀರಪ್ಪ, ನಾನು, ನನ್ನ ಬೆನ್ನಿಗೆ ಬಿದ್ದ ಸಿದ್ರಾಮ. ಅಪ್ಪ ಮಠದಲ್ಲಿ ಪುರಾಣ ಓದುತ್ತಿದ್ದ. ಸಂಜೆಯಾಯಿತೆಂದರೆ ಜಗುಲಿಯ ಮೇಲೆ ನಮ್ಮನ್ನು ಸಾಲಾಗಿ ಕೂರಿಸಿ ಪದ್ಯ ಹೇಳುತ್ತಿದ್ದ. ಆರು ಸಾಲಿನ ಪದ್ಯಕ್ಕೆ ಎರಡೇ ಉಸಿರು. ಮೂರು ಸಾಲಿಗೊಂದು, ಆರು ಸಾಲಿಗೊಂದು. “ನಡುವ ಉಸಿರು ತಗೊಂಡಾಂವ ದೇವರ ಮಾತ ಕಡದಾಂವ” ಎಂದು ಅಣ್ಣನ ಕಪಾಳಕ್ಕೆ ಬಿಡುತ್ತಿದ್ದ. ಆದರೂ ಅಣ್ಣನದು ಅಪರೂಪದ ಕಂಠ. ನನಗೆ ಕಂಠವಿರಲಿಲ್ಲ, ಕಿವಿಯಿತ್ತು. ಹಾಡುವವರು ಇಷ್ಟು ಮಂದಿಯಾದರೆ ಕೇಳುವವಳೊಬ್ಬಳು ಬೇಕಲ್ಲ ಎಂದು ಅಪ್ಪ ನನ್ನನ್ನು ಎದುರಿಗೆ ಕೂರಿಸುತ್ತಿದ್ದ. ಅಲ್ಲಿಂದ ಇಲ್ಲಿಯವರೆಗೂ ನಾನು ಕೇಳುತ್ತಲೇ ಬಂದವಳು.

ಸಿದ್ರಾಮನಿಗೆ ಜ್ವರ ತಲೆಗೇರಿದಾಗ ಇದೇ ಕೌದಿ ಗೋಡೆಗೆ ಬಿದ್ದಿತ್ತು. ಅಣ್ಣ ಆಗ ದೂರದ ಊರಿನಲ್ಲಿ ಶ್ರಾವಣದ ಪುರಾಣಕ್ಕೆ ಕೂತಿದ್ದ. ಸುದ್ದಿ ಹೋಯಿತು. ‘ಮಂಗಳ ಹಾಡದೆ ಪೀಠ ಬಿಟ್ಟು ಏಳೂಹಂಗಿಲ್ಲ’ ಎಂದು ಹೇಳಿ ಕಳಿಸಿದ. ಅಕ್ಕ, ನಾನು ಕೌದಿಯ ಮೇಲೆ ಸಿದ್ರಾಮನನ್ನು ನಡುವೆ ಮಲಗಿಸಿಕೊಂಡು ದೀಪದಿಂದ ದೀಪಕ್ಕೆ ಕಾದೆವು. ಅಣ್ಣ ಬಂದಾಗ ಸಿದ್ರಾಮನನ್ನು ಹೂಳಿದ ಗುದ್ದಿನ ಮಣ್ಣು ಒಣಗಿತ್ತು. ಅಕ್ಕ ಬಾಗಿಲಲ್ಲಿ ನಿಂತು, “ಮಂಗಳ ಛಲೋ ಆತೇನ? ಹಂಗಾರ ಹೋಗು” ಎಂದಳು. ಅವನು ಹೋದ. ಆಮೇಲೆ ಅವನ ಹೆಸರು ದೊಡ್ಡದಾಯಿತು. ಮಠಮಠಗಳವರು ಕಾರು ಕಳಿಸಿ ಕರೆಸಿಕೊಂಡರು. ನಮ್ಮೂರಿನವರು ಹೋಗಿ ಕೇಳಿ ಬಂದು, ನಮ್ಮ ಮನೆಯ ಮುಂದೆ ಮಾತ್ರ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಈಗ ಕೌದಿ ಗೋಡೆಯ ಮೇಲಿತ್ತು, ನನಗೆ ಎರಡು ಹೆದರಿಕೆ. ಅವನು ಬರದಿದ್ದರೆ ಅಕ್ಕ ಹೋಗುತ್ತಾಳೆ ಎಂಬುದೊಂದು. ಬಂದರೆ ನನ್ನ ಹೊಟ್ಟೆಯಲ್ಲಿ ನೀರು ತುಂಬುತ್ತದೆ ಎಂಬುದೊಂದು. ಶಿವನೇ, ಸುಳ್ಳು ಯಾಕೆ ಹೇಳಲಿ? ಅಕ್ಕನ ಪಾದ ತಿಕ್ಕುತ್ತಲೇ ನನ್ನ ಪಾದವನ್ನೂ ಒತ್ತಿ ನೋಡಿಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಸಂಕವ್ವ ಬಂದು ಹೊಸ್ತಿಲ ಮೇಲೆ ಕೂತಳು. ಪಾಲಿನ ಹೊತ್ತಿಗೆ ದೀಪ ಹಿಡಿಯುವವಳು ಅವಳೇ. ಅವಳ ಅತ್ತೆಯೂ ಅದನ್ನೇ ಮಾಡಿದವಳು. ಕೂತವರ ಮುಖಕ್ಕೆ ದೀಪ ಹಿಡಿದು ‘ಒಳಗಿದ್ದದ್ದು ಹೇಳು’ ಎಂದು ಕೇಳುವುದು ಅವಳ ಕೆಲಸ. ಮೈಯೊಳಗಿನದನ್ನು ಹೇಳದೆ ಕೂತರೆ ಅದೂ ಹಂಚಿಹೋಗುತ್ತದಲ್ಲ. ಹಾಗೆ ಮುಚ್ಚಿಟ್ಟು ಕೂತವರ ಮನೆಯ ನೀರನ್ನು ನಮ್ಮೂರಲ್ಲಿ ಯಾರೂ ಕುಡಿಯುವುದಿಲ್ಲ. ಸಂಕವ್ವನ ಅಣ್ಣನ ಕುರು ಪಾಲಾಗಿ ಅವಳ ಕುಂಡೆಯ ಮೇಲೆ ಎದ್ದಿತ್ತು. ಒಂದೇ ಮಗ್ಗುಲಾಗಿ ಕೂತು ಅವಳು ಎಲೆಗೆ ಸುಣ್ಣ ಹಚ್ಚಿಕೊಂಡಳು.

“ನಮ್ಮಣ್ಣ ಹೊಲ ಕೊಡಲಿಲ್ಲ, ಬಂಗಾರ ಕೊಡಲಿಲ್ಲ. ಕುರು ಮಾತ್ರ ತಪ್ಪದ ಕೊಟ್ಟಾನ,” ಎಂದಳು. “ನಿಮ್ಮಣ್ಣ ಬರ್ತಾನೇನ?”

“ದೇವರಿಗೆ ಗೊತ್ತು.”

“ಅಂವ ಬರಂಗಿಲ್ಲ ತಗೀ. ಕಂಠದ ಮ್ಯಾಲ ಉಣ್ಣಾಂವ ಇನ್ನೊಬ್ಬರ ಜಡ್ಡ ಯಾಕ ಉಣ್ತಾನ?”

ಅವಳ ಮಾತು ಬಾಯಲ್ಲಿರುವಾಗಲೇ ಓಣಿಯ ತಿರುವಿನಲ್ಲಿ ಅಣ್ಣ ಕಾಣಿಸಿದ. ಬಸ್ಸಿನಿಂದ ಇಳಿದು ನಡೆದೇ ಬಂದಿದ್ದ. ಜರಿ ರುಮಾಲಿಲ್ಲ, ಹಿಂದೆ ಶಿಷ್ಯರಿಲ್ಲ. ಗೋಡೆಯ ಕೌದಿಯ ಮುಂದೆ ನಿಂತು, ಅವ್ವನ ಹಸಿರು ಇಳಕಲ್ ಸೀರೆಯ ತುಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ತಲೆ ಅರ್ಧ ನರೆತಿತ್ತು. ಸಂಕವ್ವ ಸೆರಗು ಸರಿ ಮಾಡಿಕೊಂಡು, “ದೊಡ್ಡ ಪುರಾಣಿಕರು ದಾರಿ ತಪ್ಪಿ ಬಂದಂಗೈತಿ” ಎಂದಳು. ಅವನು ನಗಲಿಲ್ಲ. “ದಾರಿ ಈಗ ಸಿಕ್ತು ಸಂಕಕ್ಕಾ,” ಎಂದು ತಲೆ ಬಗ್ಗಿಸಿ ಒಳಗೆ ಬಂದ.

ಅಕ್ಕ ಗೋಡೆಯ ಕಡೆ ಹೊರಳಿ ಮಲಗಿದ್ದಳು. ಅವನು ಹೊರಸಿನ ಬಳಿ ನೆಲದ ಮೇಲೆ ಕೂತ. ಆಚೆ ಗಿರಣಿಯ ಬೆಲ್ಟು ಪಟಪಟ ಅನ್ನುತ್ತಿತ್ತು.

“ಅಕ್ಕಾ, ನನ್ನ ಪಾಲಿಗೆ ಬಂದೀನಿ,” ಎಂದ.

“ಕರೀದನ ಬಂದ್ಯಾ?” ಅಕ್ಕ ಗೋಡೆಗೇ ಹೇಳಿದಳು.

“ಕೌದಿ ಕರೀತಲ್ಲ.”

“ಆಗೂ ಕರದಿತ್ತು.”

ನಾನು ನೀರು ತಂದು ಕೊಟ್ಟೆ. ಅಕ್ಕ ಮೆಲ್ಲಗೆ ಈ ಕಡೆ ಹೊರಳಿ ಅವನನ್ನು ನೋಡಿದಳು. ಆ ಹಳದಿ ಕಣ್ಣಿನಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. “ಬಡಕಲಾಗೀದಿ, ಫಕೀರ್ಯಾ,” ಎಂದಳು. “ಕಾರಿನ್ಯಾಗ ಒಯ್ಯಾಕ ಬರ್ತೈತಿ ಅವರಿಗೆ, ಹೊಟ್ಟಿಗೆ ಹಾಕಾಕ ಬರಂಗಿಲ್ಲೇನ?” ಆಮೇಲೆ ಒಂದಿಷ್ಟು ದಣಿವಾರಿಸಿಕೊಂಡು, “ಒಂದ ಪದ್ಯ ಹೇಳು. ಅಪ್ಪ ಮೊದಲ ಹೇಳತಿದ್ನಲ್ಲ, ಶಿವನ ಜಡೀದು. ಕಿವಿ ಬರಗೆಟ್ಟಾವು,” ಎಂದಳು.

ಅವನು ತೊಡೆಯ ಮೇಲೆ ಕೈಯಿಟ್ಟು ಶುರು ಮಾಡಿದ. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು. ಅದೇ ಕಂಠ, ಮಾಗಿದ ಕಂಠ. ನಾನು ಒಲೆಯ ಮುಂದೆ ಕೂತು ಕಣ್ಣು ಮುಚ್ಚಿದೆ. ಒಂದನೆಯ ಸಾಲು, ಎರಡನೆಯ ಸಾಲು. ಎರಡನೆಯ ಸಾಲಿನ ನಡುವೆ, ಗಂಗೆ ಜಡೆಯಿಂದ ಇಳಿಯುವಲ್ಲಿ, ಅವನು ರಾಗವನ್ನು ಸ್ವಲ್ಪ ಎಳೆದ. ಹೊರಗಿನವರು ‘ಆಹಾ’ ಎಂದರು. ಅವನು ಎಳೆದ ಜಾಗದಲ್ಲಿ ಎಳೆಯಬೇಕಾದ್ದೇನೂ ಇರಲಿಲ್ಲ. ಆ ಎಳೆತದ ಕೆಳಗೆ, ಹರಿದ ಸೀರೆಗೆ ಒಳಗಿನಿಂದ ತೇಪೆ ಹಾಕಿದ ಹಾಗೆ, ಒಂದು ಸಣ್ಣ ಉಸಿರು ಇತ್ತು. ಮೂರನೆಯ ಸಾಲಿನಲ್ಲಿ ಇನ್ನೊಂದು. ನಾಲ್ಕನೆಯದರಲ್ಲಿ ಎರಡು.

ಕಣ್ಣು ತೆರೆದು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಅಕ್ಕನ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿದ್ದಳು. ನಿದ್ದೆಯೋ ಏನೋ, ಮುಖದ ಮೇಲೆ ಏನೂ ಇರಲಿಲ್ಲ.

ಅಣ್ಣ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನಾನೂ ಹೋದೆ. ಒಗೆಯುವ ಕಲ್ಲಿನ ಮೇಲೆ ಕೂತು ಅವನು ಬಾಯಿಗೆ ಧೋತರದ ಚುಂಗು ಒತ್ತಿಕೊಂಡಿದ್ದ. ನನ್ನನ್ನು ನೋಡಿ ಅದನ್ನು ಮಡಚಿದ. ಮಡಚುವಾಗ ಕೆಂಪು ಕಂಡಿತು.

“ಎದೀದಲ್ಲಾ, ಅಣ್ಣಾ?” ಎಂದೆ.

“ಯಾರ ಹೇಳಿದ್ರು?”

“ನೀನ ಹೇಳಿದಿ. ಗಂಗಿ ಇಳಿಯೂ ಮುಂದ.”

ಅವನು ನಕ್ಕ. ನಕ್ಕರೆ ಕೆಮ್ಮು ಬಂತು, ಕೆಮ್ಮು ನಿಲ್ಲುವ ತನಕ ಕಲ್ಲು ಹಿಡಿದುಕೊಂಡಿದ್ದ. “ಸಾವಿರ ಮಂದಿ ಮುಂದ ಹೇಳೀನಿ, ಯಾರಿಗೂ ತಿಳೀಲಿಲ್ಲ. ನಿನ್ನ ಕಿವಿಗಿಷ್ಟ...” ಎಂದ. ಒಂದು ಪುಪ್ಪಸ ಪೂರ್ತಿ ಹೋಗಿದೆಯಂತೆ. ಇನ್ನೊಂದರಲ್ಲೂ ಗಂಟು ಎದ್ದಿದೆಯಂತೆ. ಡಾಕ್ಟರು ಚಿತ್ರ ತೆಗೆದು ತೋರಿಸಿದರಂತೆ, ಹುಳ ತಿಂದ ಎಲೆಯ ಹಾಗಿತ್ತಂತೆ.

“ಮತ್ತ ನೀನ ಕೌದಿ ಹಾಕಸಬೇಕಿತ್ತು. ನಾವು ಬರತಿದ್ದಿವಿ.”

“ಯಾವ ಮುಖ ಇಟಗೊಂಡು ಹಾಕಸಲಿ? ಸಿದ್ರಾಮಗ ಬರದಾಂವ.” ಅವನು ದನಿ ತಗ್ಗಿಸಿದ. “ಮಂಗಳ ನೆಪ ಇತ್ತ, ನಿಂಗಿ. ಹೆದರಿದ್ದೆ. ಜ್ವರ ತಲೀಗೇರಿದ್ರ ಪದ್ಯ ಮರತು ಹೋಗ್ತಾವು ಅಂತ ಹೆದರಿದ್ದೆ. ಈಗ ಅಕ್ಕಂದು ಕೌದಿ ಬಿತ್ತು ಅಂತ ಕಂಡಕ್ಟರ್ ಹೇಳಿದಾಗ... ದೇವರು ನನ್ನ ನಾಲಿಗಿ ಸೀಳಲಿ, ನನಗ ಖುಷಿ ಆತು. ಬದುಕಾಕ ಒಂದ ದಾರಿ ಸಿಕ್ತಲ್ಲ ಅಂತ.” ಅವನು ನನ್ನ ಎರಡೂ ಕೈ ಹಿಡಿದುಕೊಂಡ. “ಅಕ್ಕಗ ಹೇಳಬ್ಯಾಡ. ಹೇಳಿದ್ರ ನಿನಗ ಭಾರ ಆಕ್ಕೈತಿ ಅಂತ ನನ್ನ ಕೌದಿ ಮ್ಯಾಲ ಕೂಡ್ರಸಂಗಿಲ್ಲ. ಮೂರು ಪಾಲಾದ್ರ ಮೂವರೂ ಉಳೀಬಹುದು.”

“ಉಳೀದಿದ್ರ?”

ಎರಡು ಸಾವನ್ನು ಮೂರಕ್ಕೆ ಒಡೆದರೆ ಒಬ್ಬೊಬ್ಬರಿಗೆ ಎಷ್ಟಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರಿಬ್ಬರಿಗೆ ಅದು ಇಳಿಯುವ ಭಾರ. ನನಗೆ ಮಾತ್ರ ಹೊಸದಾಗಿ ಏರುವ ಭಾರ. ಮೈಯಲ್ಲಿ ಒಂದು ಮಚ್ಚೆಯೂ ಇಲ್ಲದೆ ಕೌದಿಯ ಮೇಲೆ ಕೂಡುವವಳು ನಾನೊಬ್ಬಳೇ.

ಗಿರಣಿ ನಿಂತಿತು. ನನ್ನ ಗಂಡ ಹುಬ್ಬಿನ ತನಕ ಹಿಟ್ಟು ಬಳಿದುಕೊಂಡು ಹಿತ್ತಲ ಬಾಗಿಲಿಗೆ ಬಂದರು. ಅಣ್ಣ ಮುಖ ತೊಳೆದುಕೊಂಡು ಒಳಗೆ ಹೋದ ಮೇಲೆ ಅವರಿಗೆ ಎಲ್ಲ ಹೇಳಿದೆ. ಅವರಿಂದ ನಾನು ಏನನ್ನೂ ಮುಚ್ಚಿಟ್ಟವಳಲ್ಲ. ಅವರು ಕೇಳಿ, ಹಗ್ಗದ ಮೇಲಿನ ಬಟ್ಟೆಗಳನ್ನು ಒಂದೊಂದೇ ತೆಗೆದು ಹೆಗಲಿಗೆ ಹಾಕಿಕೊಳ್ಳತೊಡಗಿದರು. ಒಣಗದ ಬಟ್ಟೆಯನ್ನೂ ತೆಗೆದರು.

“ಕೂಡ್ರಬ್ಯಾಡ,” ಎಂದರು.

“ಅಕ್ಕ ಹೋಗ್ತಾಳ್ರಿ.”

“ನೀನೂ ಹೋದ್ರ?” ಹಿಟ್ಟಿನ ಮೇಲೆ ಕಣ್ಣೀರು ಇಳಿದು ಎರಡು ಗೆರೆ ಬಿದ್ದವು. “ನಿನಗರ ಅಕ್ಕ ಅದಾಳ, ಅಣ್ಣ ಅದಾನ. ನನಗ ಯಾರ ಅದಾರ? ನಾ ಯಾರ ಕೌದಿ ಮ್ಯಾಲ ಕೂಡ್ರಲಿ?”

ಆಮೇಲೆ ಹೊತ್ತು ಬೇಗ ಇಳಿಯಿತು. ನಾನು ದೇವರ ಜಗಲಿಯ ಮುಂದೆ ಕೂತು ಅಪ್ಪನ ಪದ್ಯ ನೆನೆಸಿಕೊಳ್ಳಲು ನೋಡಿದೆ. ಕಿವಿ ತುಂಬ ಇದ್ದ ಪದ್ಯಗಳಲ್ಲಿ ಒಂದೂ ನಾಲಿಗೆಗೆ ಇಳಿಯಲಿಲ್ಲ. ಹೊಟ್ಟೆಯೊಳಗೆ ಯಾರೋ ತಣ್ಣೀರು ಸುರುವುತ್ತಿದ್ದ ಹಾಗೆ, ಎದೆಯೊಳಗೆ ಯಾರೋ ಹತ್ತಿ ತುರುಕುತ್ತಿದ್ದ ಹಾಗೆ ಆಗುತ್ತಿತ್ತು. ಇನ್ನೂ ಪಾಲೇ ಆಗಿಲ್ಲ, ಆಗಲೇ ಹೀಗೆ. ಆದ ಮೇಲೆ ಹೇಗೋ? ಮೆಟ್ಟಿಲು ಹತ್ತಬಹುದೋ ಇಲ್ಲವೋ? ಒಂದು ಕೊಡ ನೀರು ಎತ್ತಬಹುದೋ ಇಲ್ಲವೋ? ಶಿವನೇ, ಯಾರಾದರೂ ‘ಇವತ್ತು ಅಮಾವಾಸ್ಯೆ, ಬೇಡ’ ಅನ್ನಬಾರದೇ ಎಂದುಕೊಂಡೆ. ಯಾರೂ ಅನ್ನಲಿಲ್ಲ.

ನಡುಮನೆಯಲ್ಲಿ ಕೌದಿ ಹಾಸಿದರು. ಅಕ್ಕನನ್ನು ನಾಲ್ಕು ಜನ ಎತ್ತಿ ಅದರ ಮೇಲೆ ಮಲಗಿಸಿದರು. ಅಣ್ಣ ಅವಳ ಬಲಕ್ಕೆ ಕೂತ, ನಾನು ಎಡಕ್ಕೆ ಕೂತೆ. ಓಣಿಯವರು ಬಾಗಿಲಲ್ಲಿ, ಕಿಟಕಿಯಲ್ಲಿ ಮುಖ ಇಟ್ಟರು. ನನ್ನ ಗಂಡ ಕಂಬಕ್ಕೆ ಒರಗಿ ನಿಂತಿದ್ದರು, ಮುಖ ತೊಳೆದುಕೊಂಡಿರಲಿಲ್ಲ. ಸಂಕವ್ವ ಹಣತೆ ಹಚ್ಚಿ, ಮೊದಲು ಅಕ್ಕನ ಮುಖಕ್ಕೆ ಹಿಡಿದಳು.

“ಒಳಗಿದ್ದದ್ದು ಹೇಳು, ದುಂಡವ್ವಾ.”

“ಒಳಗೆಲ್ಲಿ, ಹೊರಗ ಕಾಣಾಕ ಹತ್ತೈತಲ್ಲ, ಗುಡಾಣ ಆಗೈತಿ,” ಎಂದಳು ಅಕ್ಕ. ಕಿಟಕಿಯಲ್ಲಿದ್ದವರು ಯಾರೋ ನಕ್ಕು ಸುಮ್ಮನಾದರು.

ದೀಪ ಅಣ್ಣನ ಕಡೆ ಹೋಯಿತು. “ಒಳಗಿದ್ದದ್ದು ಹೇಳು, ಫಕೀರಪ್ಪಾ.”

ಅಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ನನ್ನ ಬಾಯಲ್ಲಿ ಮಾತಿತ್ತು. ಹೇಳಿದರೆ ಅವನು ಎದ್ದು ಹೋಗಬೇಕು, ಅವನ ಹಿಂದೆ ಅಕ್ಕನ ಜೀವವೂ ಹೋಗಬೇಕು.

“ಏನೂ ಇಲ್ಲ,” ಎಂದ ಅಣ್ಣ.

ನನ್ನ ಮುಖಕ್ಕೆ ದೀಪ ಬಂದಾಗ ನಾನೂ “ಏನೂ ಇಲ್ಲ” ಎಂದೆ. ಇಬ್ಬರ ಮಾತೂ ಒಂದೇ ಆಗಿತ್ತು. ಸಂಕವ್ವ ಹಣತೆಯನ್ನು ಅಕ್ಕನ ತಲೆಯ ಹತ್ತಿರ ಇಟ್ಟು, “ದೊಡ್ಡಾಂವ ಅನ್ನಲಿ” ಎಂದಳು. ಅಣ್ಣ ತಡಮಾಡಲಿಲ್ಲ. ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ, “ನನ್ನ ಪಾಲು ನನಗ” ಎಂದುಬಿಟ್ಟ. ಒಮ್ಮೆ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

ಆಗ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಶಕ್ತಿ ಅವಳಲ್ಲಿ ಎಲ್ಲಿತ್ತೋ.

“ತಡಿ,” ಎಂದಳು. ಆಮೇಲೆ ಅಣ್ಣನ ಕಡೆ ತಲೆ ಹೊರಳಿಸಿದಳು. “ಗಂಗಿ ಇಳಿಯೂ ಮುಂದ ಯಾಕ ನಿಂತ್ಯೋ ಫಕೀರ್ಯಾ? ನಾಕನೇ ಸಾಲಿಗೆ ಎರಡ ಸಲ ಕಡದಿ. ಅಪ್ಪ ಇದ್ದಿದ್ರ ನಿನ್ನ ಕಪಾಳ ಬಾಯುತಿತ್ತು.”

ಅಣ್ಣನ ಮುಖ ಬೂದಿಯಾಯಿತು.

“ನಿನ್ನ ಬಾಯಿಲೆ ಬರ್ತೈತೇನೋ ಅಂತ ಕಾದೆ,” ಎಂದಳು ಅಕ್ಕ. ಸಿಟ್ಟಿನಲ್ಲಿ ಹೇಳಲಿಲ್ಲ, ಸಿಟ್ಟಿಗೂ ಉಸಿರು ಬೇಕಲ್ಲ. “ದೀಪ ಮುಖಕ್ಕ ಹಿಡದ್ರೂ ಬರಲಿಲ್ಲ.”

ಅಣ್ಣ ಅಳತೊಡಗಿದ. ಅಳುವಿನ ನಡುವೆ ಕೆಮ್ಮು, ಕೆಮ್ಮಿನ ನಡುವೆ “ಸಾಯಾಕ ಹೆದರಿಕಿ ಬರ್ತೈತಿ ಅಕ್ಕಾ, ಭಾಳ ಹೆದರಿಕಿ” ಎಂದ. ಧೋತರದ ಚುಂಗು ಎಲ್ಲರ ಎದುರಿಗೇ ಕೆಂಪಾಯಿತು. ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಅವನು ನೆಲಕ್ಕೆ ಕೈಯೂರಿ ಏಳಲು ಹೋದ. ಅಕ್ಕ ಇನ್ನೊಂದು ಕೈಯಿಂದ ಅವನ ಅಂಗಿ ಹಿಡಿದಳು.

“ನೀ ಕೂಡ್ರು. ಎಲ್ಲಿ ಹೋಗ್ತಿ ಇನ್ನ? ನನ್ನ ಮಗ್ಗಲಾಗ ಕೂಡ್ರು. ಸಾಯಾಕ ಹೆದರಿಕಿ ಯಾರಿಗಿಲ್ಲ?” ಹಾಗೇ ಅವನ ಬೆನ್ನು ಸವರಿದಳು, ಸಣ್ಣವನಿದ್ದಾಗ ಕಪಾಳಕ್ಕೆ ಬಿದ್ದ ಮೇಲೆ ಸವರುತ್ತಿದ್ದ ಹಾಗೆ. ಆಮೇಲೆ ನನ್ನ ಕಡೆ ನೋಡಿದಳು. “ನಿಂಗಿ, ನೀ ಏಳು.”

ನಾನು ಸಂಕವ್ವನ ಮುಖ ನೋಡಿದೆ. ಎಷ್ಟೋ ಕೌದಿಗಳಿಗೆ ದೀಪ ಹಿಡಿದವಳು, ಅವಳಿಗೆ ಗೊತ್ತಿರಬೇಕು. ಅವಳು ತಲೆಯಾಡಿಸಿದಳು. “ಎರಡು ಸಾವು ಒಂದ ಕೌದಿ ಮ್ಯಾಲ ನಾ ನೋಡಿಲ್ಲವ್ವಾ. ನಮ್ಮತ್ತಿನೂ ನೋಡಿಲ್ಲ. ಏನಾಕ್ಕೈತೋ ಹೇಳಾಕ ಬರಂಗಿಲ್ಲ.”

“ಕೇಳಿದ್ಯಲ್ಲ,” ಎಂದಳು ಅಕ್ಕ. “ಇಬ್ಬರು ಹೋಗಾವರು ಇಬ್ಬರ ಹೋಗಲಿ. ಮೂರನೇದಾಕಿ ಯಾಕ? ಏಳವ್ವಾ. ಅಲ್ಲಿ ನಿಂತಾರ ನೋಡು ನಿನ್ನ ಗಂಡ.”

ನನ್ನ ಗಂಡ ಕಂಬ ಬಿಟ್ಟು ಕೌದಿಯ ಅಂಚಿನ ತನಕ ಬಂದಿದ್ದರು. ಅಂಚನ್ನು ತುಳಿಯಲಿಲ್ಲ, ಅವರು ತುಳಿಯುವ ಹಾಗಿಲ್ಲ. ಕೈ ಮಾತ್ರ ಮುಂದೆ ಚಾಚಿದ್ದರು. ಬೆರಳ ಸಂದಿಯಲ್ಲಿ ಹಿಟ್ಟು ಇನ್ನೂ ಇತ್ತು. ಆ ಕೈ ಹಿಡಿದರೆ ಸಾಕಿತ್ತು. ನನ್ನ ಕಾಲುಗಳು ಏಳಲು ಸಿದ್ಧವಾಗಿದ್ದವು, ನನ್ನನ್ನು ಕೇಳದೆಯೇ ಮೊಣಕಾಲು ನೆಲ ಬಿಟ್ಟಿತ್ತು. ಎಡಕ್ಕೆ ಆ ಕೈ, ಬಲಕ್ಕೆ ಅಕ್ಕನ ಬಾತ ಮೈ, ಅದರಾಚೆ ಅಣ್ಣನ ಗೊರಗೊರ. ಮೂವರ ಉಸಿರನ್ನೂ ನಾನು ಕೇಳಿದೆ. ಬದುಕಿನುದ್ದಕ್ಕೂ ಮಾಡಿದ್ದು ಅದನ್ನೇ.

“ನಿಂಗೀ,” ಅಕ್ಕ ಬೇಡಿಕೊಂಡಳು. ಅವಳು ಯಾರನ್ನೂ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. “ಸಣ್ಣಾಕಿ ಇದ್ದಾಗಿಂದ ನನ್ನ ಮಾತ ಒಂದೂ ಮೀರಿಲ್ಲ ನೀ. ಇದೊಂದ ಕೇಳವ್ವಾ. ಏಳು, ಕೌದಿ ಬಿಟ್ಟ ಏಳು.”

ನಾನು ಎತ್ತಿದ್ದ ಮೊಣಕಾಲನ್ನು ಮಡಚಿದೆ. ಏನೋ ಅಂದೆ. ಅದು ನನಗೇ ಕೇಳಿಸಲಿಲ್ಲ.

ಸಂಕವ್ವ ಹಣತೆ ಎತ್ತಿ ನನ್ನ ಮುಖದ ಹತ್ತಿರ ತಂದಳು. “ಏನಂದಿ? ಜೋರಾಗಿ ಅನ್ನು.”

“ಏಳಂಗಿಲ್ಲ,” ಅಂದೆ.